ಸೋಮನಾಥಪುರದ ಕೇಶವ ದೇವಾಲಯ: ನಕ್ಷತ್ರದ ನಕ್ಷೆ, ಬಳಪದ ಕಲ್ಲಿನ ಕಟ್ಟಡ

ಮೈಸೂರಿನಿಂದ ಬನ್ನೂರು ದಾರಿ ಹಿಡಿದು ಸುಮಾರು 35 ಕಿ.ಮೀ. ಹೋದರೆ ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರ ಸಿಗುತ್ತದೆ. ಅಲ್ಲಿಗೆ ಬರುವ ಹೆಚ್ಚಿನವರು ಗೋಡೆಯ ಶಿಲ್ಪಗಳನ್ನು ನೋಡಿ, ನಾಲ್ಕು ಫೋಟೊ ತೆಗೆದುಕೊಂಡು, ಅರ್ಧ ಗಂಟೆಯಲ್ಲಿ ಹೊರಟುಬಿಡುತ್ತಾರೆ. ಆ ಶಿಲ್ಪಗಳೆಲ್ಲ ನಿಂತಿರುವುದು ಒಂದು ಗಟ್ಟಿ ಲೆಕ್ಕಾಚಾರದ ಮೇಲೆ. ಯಾವ ಕಲ್ಲು, ಎಂಥ ನಕ್ಷೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ, ಮಳೆನೀರು ಎಲ್ಲಿ ಬೀಳುತ್ತದೆ ಎಂಬುದನ್ನು ತಿಳಿದುಕೊಂಡು ನೋಡಿದರೆ ಅದೇ ಗೋಡೆ ಬೇರೆಯೇ ಆಗಿ ಕಾಣುತ್ತದೆ.

ಕಟ್ಟಿಸಿದವನು ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ. ದೇವರ ಪ್ರತಿಷ್ಠೆಯಾದದ್ದು 1258ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲಷ್ಟೇ ರಾಜ್ಯ ಎರಡಾಗಿತ್ತು. ವೀರ ಸೋಮೇಶ್ವರನ ನಂತರ ರಾಜಧಾನಿ ದೋರಸಮುದ್ರದ (ಇಂದಿನ ಹಳೇಬೀಡು) ಕಡೆಯ ನಾಡು ನರಸಿಂಹನ ಪಾಲಿಗೆ ಬಂದರೆ, ತಮಿಳು ಸೀಮೆಯ ಭಾಗ ಅವನ ಮಲಸೋದರ ರಾಮನಾಥನದಾಯಿತು. ಇಂಥ ಹೊತ್ತಿನಲ್ಲಿ ದಂಡನಾಯಕ ಕಾವೇರಿ ತೀರದಲ್ಲಿ ‘ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ’ ಎಂಬ ಅಗ್ರಹಾರವನ್ನು ಮಾಡಿ, ಅದರ ನಡುವೆ ಈ ಗುಡಿಯನ್ನು ಎಬ್ಬಿಸಿದ. ಊರಿನಲ್ಲೇ ಐದು ಲಿಂಗಗಳ ಶಿವಾಲಯವನ್ನೂ ಕಟ್ಟಿಸಿದ. ಅದು ಈಗ ಪಾಳುಬಿದ್ದಿದೆ. ಕೇಶವನ ಗುಡಿಗೆ ಬಂದವರಲ್ಲಿ ಅತ್ತ ಹೆಜ್ಜೆ ಹಾಕುವವರು ತೀರಾ ಕಡಿಮೆ. ದಾನ, ದತ್ತಿ, ಅಗ್ರಹಾರದ ವ್ಯವಸ್ಥೆಯ ವಿವರಗಳು ಮಹಾದ್ವಾರದ ಬಳಿ ನಿಂತಿರುವ ಎತ್ತರದ ಶಾಸನದ ಕಲ್ಲಿನಲ್ಲಿವೆ. ಒಳಗೆ ನುಗ್ಗುವ ಮೊದಲು ಅದರ ಮುಂದೆ ಒಂದು ನಿಮಿಷ ನಿಲ್ಲಿ. ಅಕ್ಷರದ ದುಂಡು, ಸಾಲಿನ ನೇರ ಎರಡೂ ಗೋಡೆಯ ಕೆತ್ತನೆಯಷ್ಟೇ ಅಚ್ಚುಕಟ್ಟು.

ಕಲ್ಲಿನಿಂದ ಶುರು

ಮೈಸೂರು, ಮಂಡ್ಯದ ನೆಲದಡಿ ಇರುವುದು ಬಹುಪಾಲು ಗಟ್ಟಿ ನೈಸ್ ಮತ್ತು ಗ್ರಾನೈಟ್. ತಲಕಾಡಿನ ವೈದ್ಯೇಶ್ವರ ದೇವಾಲಯ ಇಂಥ ಗಟ್ಟಿ ಕಲ್ಲಿನದು. ಗ್ರಾನೈಟ್‌ನಲ್ಲಿ ದೊಡ್ಡ ತೊಲೆ, ದೊಡ್ಡ ಕಂಬ ಸಿಗುತ್ತವೆ, ಆದರೆ ಉಳಿ ಹಿಡಿದು ಬೆರಳಿನ ಉಂಗುರ, ಕಿವಿಯ ಓಲೆ, ಬಳ್ಳಿಯ ಎಲೆಯ ನರದವರೆಗೆ ಇಳಿಯುವುದು ಬಹಳ ಕಷ್ಟ. ಹೊಯ್ಸಳ ರೂವಾರಿಗಳು, ಅಂದರೆ ಶಿಲ್ಪಿಗಳು, ಆರಿಸಿಕೊಂಡದ್ದು ಬಳಪದ ಕಲ್ಲು. ಭೂವಿಜ್ಞಾನದಲ್ಲಿ ಇದಕ್ಕೆ ಕ್ಲೋರೈಟ್ ಶಿಸ್ಟ್ ಎನ್ನುತ್ತಾರೆ. ಕಣ ಬಹಳ ಸಣ್ಣದು, ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿದ್ದು ಒಳಗಿನ ತೇವ ಆರಿದ ಮೇಲೆ ಬಿಗಿಯಾಗುತ್ತದೆ. ಉಜ್ಜಿದರೆ ಹೊಳಪು ಕೂಡ ಬರುತ್ತದೆ.

ಆದರೆ ಈ ಕಲ್ಲಿಗೆ ಎರಡು ದೌರ್ಬಲ್ಯಗಳಿವೆ. ಮೊದಲನೆಯದು ಎಲ್ಲ ಕಲ್ಲಿಗೂ ಇರುವುದೇ: ಮೇಲಿನಿಂದ ಅದುಮಿದರೆ ತಡೆಯುತ್ತದೆ, ಬಗ್ಗಿಸಿದರೆ ತಡೆಯುವುದಿಲ್ಲ. ಎರಡು ಕಂಬಗಳ ಮೇಲೆ ತೊಲೆ ಇಟ್ಟಾಗ ತೊಲೆಯ ನಡುಭಾಗದ ಕೆಳಮೈ ಎಳೆತಕ್ಕೆ ಸಿಗುತ್ತದೆ. ಬಿರುಕು ಅಲ್ಲಿಂದಲೇ ಶುರುವಾಗಿ ಮೇಲಕ್ಕೆ ಏರುತ್ತದೆ. ಬಳಪದ ಕಲ್ಲಿನಲ್ಲಿ ಪದರಗಳೂ ಇರುವುದರಿಂದ ಪದರದ ದಿಕ್ಕು ತಪ್ಪಿ ಕೂರಿಸಿದರೆ ಇನ್ನೂ ಬೇಗ ಸೀಳುತ್ತದೆ. ಒಂದು ಘನ ಅಡಿ ಕಲ್ಲಿನ ತೂಕ ಹೆಚ್ಚುಕಡಿಮೆ 75ರಿಂದ 80 ಕೆ.ಜಿ.; ತೊಲೆ ತನ್ನ ಭಾರದ ಜೊತೆಗೆ ಚಾವಣಿಯ ಭಾರವನ್ನೂ ಹೊರಬೇಕು. ಹಾಗಾಗಿ ಕಂಬಗಳನ್ನು ಹತ್ತಿರ ಹತ್ತಿರ ನಿಲ್ಲಿಸುವುದು ಬಿಟ್ಟರೆ ದಾರಿಯಿಲ್ಲ. ಎರಡನೆಯ ದೌರ್ಬಲ್ಯ, ಕಲ್ಲು ಎಷ್ಟು ಬಿಗಿಯಾದರೂ ಗೀರು ಬೀಳುವಷ್ಟು ಮೆತ್ತಗೇ ಉಳಿಯುತ್ತದೆ. ಅದರ ವಿಷಯ ಮುಂದೆ ಬರುತ್ತದೆ.

ನಾಲ್ಕು ಚೌಕಗಳಿಂದ ಹದಿನಾರು ಮೂಲೆ

ಇದು ತ್ರಿಕೂಟ, ಅಂದರೆ ಮೂರು ಗರ್ಭಗುಡಿಗಳ ದೇವಾಲಯ. ಪೂರ್ವಕ್ಕೆ ಬಾಗಿಲು. ಒಳಗೆ ಹೋದರೆ ಎದುರಿಗೆ, ಪಶ್ಚಿಮದಲ್ಲಿ ಕೇಶವನ ಗರ್ಭಗುಡಿ. ಬಲಕ್ಕೆ, ಉತ್ತರದಲ್ಲಿ ಜನಾರ್ದನ. ಎಡಕ್ಕೆ, ದಕ್ಷಿಣದಲ್ಲಿ ವೇಣುಗೋಪಾಲ. ಕೇಶವನ ಮೂಲ ಮೂರ್ತಿ ಇಲ್ಲ, ಈಗಿರುವುದು ನಂತರ ತಂದಿಟ್ಟದ್ದು. ಮೂರು ಗರ್ಭಗುಡಿಗಳೂ ಹೊರಗಿನಿಂದ ನೋಡಿದರೆ ಒಂದೇ ಅಳತೆಯ, ಒಂದೇ ಆಕಾರದ ಹದಿನಾರು ಮೂಲೆಯ ನಕ್ಷತ್ರಗಳು.

ಈ ನಕ್ಷತ್ರ ಬರೆಯಲು ಗೂಟ ಮತ್ತು ದಾರ ಸಾಕು. ನಡುವೆ ಗೂಟ ಹೊಡೆದು ದಾರದಿಂದ ಒಂದು ವೃತ್ತ ಎಳೆಯಿರಿ. ವೃತ್ತವನ್ನು ಹದಿನಾರು ಸಮಭಾಗ ಮಾಡಿ ಗುರುತು ಹಾಕಿ. ಎರಡು ಗುರುತುಗಳ ನಡುವೆ 22.5 ಡಿಗ್ರಿ ಬರುತ್ತದೆ. ಈಗ ಅಂಗಳದಲ್ಲಿ ಚುಕ್ಕಿ ಸೇರಿಸಿ ರಂಗೋಲಿ ಎಳೆಯುವ ಹಾಗೆ 1, 5, 9, 13ನೇ ಗುರುತುಗಳನ್ನು ಸೇರಿಸಿದರೆ ಒಂದು ಚೌಕ. 2, 6, 10, 14 ಸೇರಿಸಿದರೆ ಎರಡನೆಯದು. ಹೀಗೆ ನಾಲ್ಕು ಚೌಕ. ಒಳಗಿನ ಗೆರೆಗಳನ್ನೆಲ್ಲ ಅಳಿಸಿ ಹೊರಗೆರೆ ಮಾತ್ರ ಉಳಿಸಿಕೊಂಡರೆ ಗರ್ಭಗುಡಿಯ ತಳ ಸಿದ್ಧ. ಪ್ರತಿ ಹೊರಮೂಲೆಯೂ ಚೌಕದ ಮೂಲೆಯೇ ಆದ್ದರಿಂದ ಅದರ ಕೋನ 90 ಡಿಗ್ರಿ. ಇದರಿಂದ ಕಲ್ಲುಕುಟಿಗನಿಗೆ ದೊಡ್ಡ ಅನುಕೂಲ: ಆಕಾರ ಎಷ್ಟೇ ತಿರುಚಿಕೊಂಡಂತೆ ಕಂಡರೂ ಮೂಲೆಗಲ್ಲುಗಳನ್ನು ಮಟ್ಟಸವಾದ ಮೂಲೆಮಟ್ಟದಲ್ಲೇ ಕಡಿಯಬಹುದು.

ಲೆಕ್ಕ ಹಾಕಿ ನೋಡಿದರೆ ಇದರ ಜಾಣ್ಮೆ ತಿಳಿಯುತ್ತದೆ. ವೃತ್ತದ ತ್ರಿಜ್ಯ 100 ಅಂಗುಲ ಎಂದುಕೊಳ್ಳಿ. ಹೊರಮೂಲೆ 100ರಲ್ಲಿದ್ದರೆ, ಎರಡು ಚೌಕಗಳು ಕೂಡುವ ಒಳಮೂಲೆ ಸುಮಾರು 85 ಅಂಗುಲದಲ್ಲಿ ಬರುತ್ತದೆ. ಗೋಡೆ ಹೀಗೆ ಒಳಗೆ ಹೊರಗೆ ಮಡಚಿಕೊಳ್ಳುವುದರಿಂದ ಅದರ ಒಟ್ಟು ಉದ್ದ ಅದೇ ತ್ರಿಜ್ಯದ ವೃತ್ತದ ಸುತ್ತಳತೆಗಿಂತ ಸುಮಾರು ಶೇ. 20ರಷ್ಟು, ಅದೇ ವೃತ್ತದಲ್ಲಿ ಕೂರುವ ಒಂದೇ ಚೌಕದ ಸುತ್ತಳತೆಗಿಂತ ಸುಮಾರು ಶೇ. 33ರಷ್ಟು ಹೆಚ್ಚಾಗುತ್ತದೆ. ಅಷ್ಟೇ ಜಾಗದಲ್ಲಿ ಮೂರನೇ ಒಂದರಷ್ಟು ಹೆಚ್ಚು ಗೋಡೆ! ಹೊರಗೋಡೆಯ ಮೇಲೆ 194 ದೊಡ್ಡ ಮೂರ್ತಿಗಳು ಹಿಡಿಸಿದ್ದು ಈ ಮಡಿಕೆಗಳಿಂದ. ಬರೀ ಜಾಗದ ಮಾತಲ್ಲ. ಪಕ್ಕಪಕ್ಕದ ಎರಡು ಮುಖಗಳು ಬೇರೆ ಬೇರೆ ದಿಕ್ಕಿಗೆ ತಿರುಗಿರುವುದರಿಂದ ಬಿಸಿಲು ಬಿದ್ದ ಕಡೆ ಹೆಚ್ಚಾಗಿ ಒಂದು ಬೆಳಕಿನಲ್ಲಿ, ಇನ್ನೊಂದು ನೆರಳಿನಲ್ಲಿ ಇರುತ್ತದೆ. ಗೋಡೆಗೆ ಜೀವ ಬರುವುದು ಇದರಿಂದ. ಇಷ್ಟೂ ಕೆತ್ತನೆಯನ್ನು ಚಪ್ಪಟೆ ಗೋಡೆಯ ಮೇಲೆ ಮಾಡಿದ್ದರೆ ಕಣ್ಣು ಬೇಗ ದಣಿಯುತ್ತಿತ್ತು.

ನಕ್ಷತ್ರದ ಹದಿನಾರೂ ಮೂಲೆ ಹೊರಗೆ ಎಣಿಸಲು ಸಿಗುವುದಿಲ್ಲ. ಗರ್ಭಗುಡಿಯು ಅದರ ಮುಂದಿನ ಸಣ್ಣ ಕೋಣೆಯಾದ ಸುಕನಾಸಿಯ ಮೂಲಕ ನಡುವಿನ ಮಂಟಪವಾದ ನವರಂಗಕ್ಕೆ ಸೇರುವ ಕಡೆಯ ಮೂಲೆಗಳು ಒಳಗೆ ಹೂತುಹೋಗಿವೆ. ಎಣಿಕೆ ತಪ್ಪಿತೆಂದು ಗಾಬರಿಯಾಗಬೇಡಿ.

ಜಗತಿಯಿಂದ ಮೇಲಕ್ಕೆ

ಗುಡಿ ನಿಂತಿರುವುದು ಸುಮಾರು 3 ಅಡಿ ಎತ್ತರದ ಜಗತಿಯ, ಅಂದರೆ ಕಲ್ಲಿನ ಕಟ್ಟೆಯ ಮೇಲೆ. ಜಗತಿಯ ಅಂಚೂ ಗುಡಿಯ ನಕ್ಷತ್ರವನ್ನೇ ಅನುಸರಿಸುತ್ತದೆ, ಮೂಲೆಗಳಲ್ಲಿ ಆನೆಗಳು. ಒಳಗೆ ಗರ್ಭಗುಡಿಯ ಸುತ್ತ ಪ್ರದಕ್ಷಿಣಾ ಪಥ ಇಲ್ಲ. ಪ್ರದಕ್ಷಿಣೆಗೆ ಇರುವುದು ಈ ಜಗತಿಯೇ. ಗೋಡೆಯ ಕಥೆಗಳೆಲ್ಲ ಜಗತಿಯ ಮೇಲೆ ನಡೆಯುವವನ ಕಣ್ಣಿಗೆ, ಅವನು ನಡೆಯುವ ದಿಕ್ಕಿಗೆ ಹೊಂದಿಸಿದಂತಿವೆ.

ಗೋಡೆಯ ಬುಡದಲ್ಲಿ ಒಂದೇ ಅಗಲದ ಆರು ಪಟ್ಟಿಕೆಗಳು. ಕೆಳಗಿನಿಂದ ಆನೆ, ಕುದುರೆ ಸವಾರರು, ಬಳ್ಳಿ, ಪುರಾಣ ಕಥೆ, ಮಕರ, ಹಂಸ. ಭಾರ ಹೊರುವ ಆನೆ ಎಲ್ಲಕ್ಕಿಂತ ಕೆಳಗೆ, ಹಾರುವ ಹಂಸ ಮೇಲೆ. ಮುಂಭಾಗದ ಮಂಟಪದ ಸುತ್ತ ಮಾತ್ರ ಈ ಕ್ರಮ ಬದಲಾಗುತ್ತದೆ. ಅಲ್ಲಿ ಮೇಲಿನ ಪಟ್ಟಿಕೆಗಳ ಜಾಗದಲ್ಲಿ ಪುಟ್ಟ ಗೋಪುರಗಳ ಸಾಲು, ಅದರ ಮೇಲೆ ಮಂಟಪದ ಒಳಗೆ ಬೆಳಕು, ಗಾಳಿ ಬಿಡುವ ಜಾಲಂಧ್ರಗಳು.

ಕಥೆಯ ಪಟ್ಟಿಕೆ ಬಹುಮಟ್ಟಿಗೆ ಕಣ್ಣಿಗೆ ಸಿಗುವ ಎತ್ತರದಲ್ಲೇ ಇದೆ. ನೋಡುವ ಕ್ರಮ ಹೀಗಿರಲಿ: ಪೂರ್ವದ ಬಾಗಿಲ ಮುಂದೆ ನಿಂತು ಎಡಕ್ಕೆ ತಿರುಗಿ, ಗುಡಿಯನ್ನು ಬಲಗೈಗೆ ಇಟ್ಟುಕೊಂಡು ನಡೆಯಿರಿ. ದಕ್ಷಿಣದ ಗರ್ಭಗುಡಿಯ ಸುತ್ತ ರಾಮಾಯಣ, ಹಿಂದೆ ಪಶ್ಚಿಮದಲ್ಲಿ ಭಾಗವತದ ಕೃಷ್ಣ ಕಥೆ, ಉತ್ತರದಲ್ಲಿ ಮಹಾಭಾರತ. ಬಲಕ್ಕೆ ಹೊರಟವರು ಕುರುಕ್ಷೇತ್ರದಿಂದ ಶುರುಮಾಡಿ ಎಲ್ಲವನ್ನೂ ಹಿಂದುಮುಂದಾಗಿ ನೋಡುತ್ತಾರೆ, ಅರ್ಧದಲ್ಲೇ ಬಿಡುತ್ತಾರೆ.

ಪಟ್ಟಿಕೆಗಳ ಮೇಲೆ ದೊಡ್ಡ ಮೂರ್ತಿಗಳ ಸಾಲು. ಅದರ ಮೇಲೆ ಒಂದು ಸೂರು, ನಂತರ ಪುಟ್ಟ ಗೋಪುರಗಳ ಅಲಂಕಾರ, ಮತ್ತೆ ಇನ್ನೊಂದು ಸೂರು, ಆಮೇಲೆ ವಿಮಾನ, ಅಂದರೆ ಗರ್ಭಗುಡಿಯ ಮೇಲಿನ ಗೋಪುರ. ಎರಡು ಸೂರು ಇರುವುದು ಹೊಯ್ಸಳರ ಆಳ್ವಿಕೆಯ ಕೊನೆಯ ಭಾಗದ ಪದ್ಧತಿ. ಮೊದಲಿನ ಗುಡಿಗಳಲ್ಲಿ ಸೂರು ಒಂದೇ, ಬುಡದಲ್ಲಿ ಪಟ್ಟಿಕೆಗಳ ಬದಲು ಸಾದಾ ಅಚ್ಚುಗಳು. ಒಂದು ಹೊಯ್ಸಳ ಗುಡಿ ಯಾವ ಕಾಲದ್ದಿರಬಹುದು ಎಂದು ಅಂದಾಜು ಮಾಡಲು ಇದು ಸುಲಭದ ಗುರುತು. ಕೆಳಗಿನ ಸೂರು ಮೂರ್ತಿಗಳ ತಲೆಯ ಮೇಲೆಯೇ ಚಾಚಿಕೊಂಡು ಮಳೆನೀರನ್ನು ಗೋಡೆಯಿಂದ ದೂರಕ್ಕೆ ಹಾಕುತ್ತದೆ. ಸೂರಿನ ಅಂಚು ಮುರಿದ ಕಡೆ ಕೆಳಗಿನ ಮೂರ್ತಿಯನ್ನು ಗಮನಿಸಿ: ನೀರು ಹರಿದ ಜಾಡು ಕಪ್ಪಾಗಿ, ಪಾಚಿ ಹಿಡಿದು ಕಾಣುತ್ತದೆ.

ವಿಮಾನದಲ್ಲಿ ಅದೇ ನಕ್ಷತ್ರ ಅಂತಸ್ತು ಅಂತಸ್ತಾಗಿ ಕಿರಿದಾಗುತ್ತ ಮೇಲೇರುತ್ತದೆ. ನೆಲದ ಮೂಲೆಯೊಂದನ್ನು ಹಿಡಿದು ಕಣ್ಣನ್ನು ನೇರ ಮೇಲಕ್ಕೆ ಒಯ್ದರೆ ಜಗತಿ, ಪಟ್ಟಿಕೆ, ಮೂರ್ತಿ, ಸೂರು, ಶಿಖರ ಎಲ್ಲ ಒಂದೇ ಗೆರೆಯಲ್ಲಿ ಬರುತ್ತವೆ. ಸುಕನಾಸಿಯ ಮೇಲೂ ಒಂದು ತಗ್ಗಿನ ಗೋಪುರ ಮುಂದಕ್ಕೆ ಚಾಚಿದೆ.

ಮೂರ್ತಿಯ ಕೈ ನೋಡಿ ಹೆಸರು ಹೇಳುವುದು

ಗೋಡೆಯ ವಿಷ್ಣು ಮೂರ್ತಿಗಳೆಲ್ಲ ಮೊದಲ ನೋಟಕ್ಕೆ ಒಂದೇ ಥರ. ವ್ಯತ್ಯಾಸ ಇರುವುದು ಶಂಖ, ಚಕ್ರ, ಗದೆ, ಪದ್ಮ ಯಾವ ಕೈಯಲ್ಲಿವೆ ಎಂಬುದರಲ್ಲಿ. ನಾಲ್ಕು ಕೈ, ನಾಲ್ಕು ವಸ್ತು. ಅವುಗಳನ್ನು 24 ಬಗೆಯಲ್ಲಿ ಹಂಚಬಹುದು. ಸಂಧ್ಯಾವಂದನೆಯಲ್ಲಿ ಹೇಳುವ ಕೇಶವಾದಿ 24 ಹೆಸರುಗಳಿಗೆ ಈ 24 ಹಂಚಿಕೆಗಳು. ಸಾಮಾನ್ಯವಾಗಿ ಅನುಸರಿಸುವ ಕ್ರಮದಲ್ಲಿ ಕೇಶವನಿಗೆ ಬಲ ಕೆಳಗೈಯಲ್ಲಿ ಪದ್ಮ, ಬಲ ಮೇಲ್ಗೈಯಲ್ಲಿ ಶಂಖ, ಎಡ ಮೇಲ್ಗೈಯಲ್ಲಿ ಚಕ್ರ, ಎಡ ಕೆಳಗೈಯಲ್ಲಿ ಗದೆ. ಜನಾರ್ದನನಿಗೆ ಕೆಳಗಿನ ಎರಡು ಕೈ ಹಾಗೇ ಇದ್ದು, ಮೇಲಿನ ಶಂಖ ಚಕ್ರ ಮಾತ್ರ ಅದಲುಬದಲು. ಬಲ ಎಂದರೆ ಮೂರ್ತಿಯ ಬಲ, ನೋಡುವವರ ಬಲ ಅಲ್ಲ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ. ಇನ್ನೊಂದು ತೊಡಕು, ಎಷ್ಟೋ ಮೂರ್ತಿಗಳ ಕೈ ಮುರಿದಿದೆ. ಮೂರು ಕೈ ಉಳಿದಿದ್ದರೆ ಸಾಕು, ನಾಲ್ಕನೆಯದು ತಾನಾಗಿ ತಿಳಿಯುತ್ತದೆ. ಎರಡೇ ಉಳಿದಿದ್ದರೆ ಎರಡು ಹೆಸರಿನಲ್ಲಿ ಯಾವುದೂ ಆಗಬಹುದು.

ಮೂರ್ತಿಯ ಪೀಠದ ಕೆಳಗೂ ಕಣ್ಣು ಹಾಯಿಸಿ. ಅಲ್ಲಿ ಕೆತ್ತಿದವರ ಹೆಸರಿದೆ, ಕನ್ನಡದಲ್ಲಿ. ಮಸಣಿತಮ್ಮ, ಚೌಡೆಯ, ಚಾಮೆಯ, ಭರ್ಮಯ, ನಂಜಯ, ಲೋಹಿತ. ಹೆಚ್ಚು ಬಾರಿ ಬರುವ ಹೆಸರು ರೂವಾರಿ ಮಲ್ಲಿತಮ್ಮನದು, ಸುಮಾರು 40 ಮೂರ್ತಿಗಳ ಕೆಳಗೆ. 1196ರಲ್ಲಿ ತರೀಕೆರೆ ಬಳಿಯ ಅಮೃತಾಪುರದ ಅಮೃತೇಶ್ವರ ಗುಡಿಯಲ್ಲಿ ಕೆಲಸ ಶುರುಮಾಡಿದವನು ಇವನೇ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಹಾಗಾದರೆ ಸೋಮನಾಥಪುರಕ್ಕೆ ಬರುವ ಹೊತ್ತಿಗೆ ಅವನ ಉಳಿಗೆ ಅರವತ್ತು ವರ್ಷದ ಅನುಭವ. ನಡುವೆ ನುಗ್ಗೇಹಳ್ಳಿ, ಮಂಡ್ಯ ಜಿಲ್ಲೆಯ ಗೋವಿಂದನಹಳ್ಳಿಗಳಲ್ಲೂ ಅವನ ಕೆಲಸವಿದೆ. ನಮ್ಮ ನಾಡಿನ ಹಳೆಯ ಕಟ್ಟಡಗಳಲ್ಲಿ ಕಟ್ಟಿಸಿದವರ ಹೆಸರು ಧಾರಾಳವಾಗಿ ಸಿಗುತ್ತದೆ, ಕಟ್ಟಿದವರದು ಅಪರೂಪ. ಈ ಕಾರಣಕ್ಕೇ ಸೋಮನಾಥಪುರಕ್ಕೆ ಬೇರೆ ಯಾವ ಗುಡಿಗೂ ಕೊಡದ ಮರ್ಯಾದೆ ಕೊಡಬೇಕು ಅನಿಸುತ್ತದೆ.

ತಲೆ ಎತ್ತಿ ನೋಡಬೇಕಾದದ್ದು

ಒಳಗೆ ಕತ್ತಲೆ. ಕಣ್ಣು ಹೊಂದಿಕೊಳ್ಳಲು ಎರಡು ಮೂರು ನಿಮಿಷ ಬೇಕು. ಮೊದಲು ಕಂಬಗಳು: ಕಲ್ಲನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದವು. ಒಂದರ ಮೇಲೊಂದು ಬಳೆ ಜೋಡಿಸಿದಂಥ ಸಮ ವೃತ್ತಗಳು ಕೈಯಿಂದ ಕೆತ್ತಿದರೆ ಬರುವಂಥವಲ್ಲ. ಬಳಪದ ಕಲ್ಲು ಮೆತ್ತಗಿದ್ದದ್ದರಿಂದಲೇ ಇದು ಸಾಧ್ಯವಾಯಿತು.

ನಂತರ ಭುವನೇಶ್ವರಿಗಳು, ಅಂದರೆ ಕೆತ್ತನೆಯ ಒಳಚಾವಣಿಗಳು. ಒಟ್ಟು 16, ಒಂದರಂತೆ ಇನ್ನೊಂದಿಲ್ಲ. ತೊಲೆ ಉದ್ದವಾಗಿರಲು ಸಾಧ್ಯವಿಲ್ಲದ ಕಾರಣ ನಾಲ್ಕು ನಾಲ್ಕು ಕಂಬಗಳ ನಡುವಿನ ಪ್ರತಿ ಅಂಕಣಕ್ಕೂ ಬೇರೆ ಚಾವಣಿ ಬೇಕಾಯಿತು. ಆ ಕೊರತೆಯನ್ನೇ ಶಿಲ್ಪಿಗಳು ಸಂಭ್ರಮ ಮಾಡಿಕೊಂಡರು. ಕಟ್ಟುವ ಬಗೆ ಹೀಗೆ: ನಾಲ್ಕು ಕಂಬದ ಮೇಲೆ ನಾಲ್ಕು ತೊಲೆ ಇಟ್ಟರೆ ಚೌಕ. ಚೌಕದ ನಾಲ್ಕು ಮೂಲೆಗೂ ಅಡ್ಡಲಾಗಿ ಕಲ್ಲು ಇಟ್ಟರೆ ತೆರಪು ಎಂಟು ಮೂಲೆಯದಾಗುತ್ತದೆ. ಅದರ ಮೇಲಿನ ವರಸೆಯ ಕಲ್ಲುಗಳನ್ನು ಇನ್ನಷ್ಟು ಒಳಕ್ಕೆ ಚಾಚಿದರೆ ತೆರಪು ದುಂಡಾಗುತ್ತ, ಕಿರಿದಾಗುತ್ತ ಬರುತ್ತದೆ. ಕೊನೆಗೆ ಉಳಿದ ಸಣ್ಣ ತೆರಪನ್ನು ಮುಚ್ಚುವ ಕಲ್ಲು ಬಾಳೆಮೂತಿಯ ಆಕಾರದಲ್ಲಿ ಕೆಳಕ್ಕೆ ಇಳಿಬಿದ್ದಿರುತ್ತದೆ.

ಇದು ನಿಜವಾದ ಕಮಾನು ಅಲ್ಲ. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಪಕ್ಕದಿಂದ ಒತ್ತಿ ನಿಲ್ಲುತ್ತವೆ. ಇಲ್ಲಿ ಪ್ರತಿ ಕಲ್ಲೂ ತನ್ನ ಹಿಂಬದಿಯ ಭಾರದಿಂದ ನಿಂತಿದೆ. ಒಳಕ್ಕೆ ಚಾಚಿದ ಭಾಗಕ್ಕಿಂತ ಗೋಡೆ, ತೊಲೆಯ ಮೇಲೆ ಕೂತ ಭಾಗ ಹೆಚ್ಚು ತೂಗಬೇಕು. ಮೇಲಿನ ಚಾವಣಿಯ ಕಲ್ಲು, ಗಾರೆ ಎಲ್ಲ ಸೇರಿ ಆ ಹಿಂಬದಿಯನ್ನು ಅದುಮಿ ಹಿಡಿದಿವೆ. ಆದ್ದರಿಂದ ಭಾರ ಇಳಿಸೋಣವೆಂದು ಮೇಲಿನ ಗಾರೆಯನ್ನು ಒಂದೇ ಬದಿಯಿಂದ ಕಿತ್ತರೆ ಸಮತೋಲ ತಪ್ಪುತ್ತದೆ. ಹಳೆಯ ಗುಡಿಗಳ ಚಾವಣಿ ದುರಸ್ತಿ ಮಾಡುವವರು ಮೊದಲು ಒಳಗೆ ಮರದ ಊರೆಗಂಬ ಕೊಟ್ಟು, ಆಮೇಲೆ ಎಲ್ಲ ಬದಿಯಿಂದ ಸಮವಾಗಿ ಬಿಚ್ಚಬೇಕಾಗುವುದು ಇದಕ್ಕೇ.

ಏನು ಕೆಡುತ್ತದೆ, ಏಕೆ

ಹೊಯ್ಸಳರ ಗೋಡೆಗಳಲ್ಲಿ ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ಇಲ್ಲ. ಒಳಗೊಂದು ಹೊರಗೊಂದು ಕೆತ್ತಿದ ಕಲ್ಲಿನ ಮೈ, ನಡುವೆ ಒರಟು ಕಲ್ಲಿನ ತುಂಬು. ಚಾವಣಿ ಸೋರಿದರೆ ನೀರು ಈ ತುಂಬಿನೊಳಗೆ ಇಳಿಯುತ್ತದೆ. ಸಣ್ಣ ಪುಡಿ ತೊಳೆದುಹೋಗಿ ತುಂಬು ಕುಸಿಯುತ್ತದೆ, ಕೆಳಭಾಗ ದಪ್ಪಗಾಗಿ ಹೊರಮೈಯನ್ನು ಆಚೆ ತಳ್ಳುತ್ತದೆ. ಗೋಡೆ ಹೊಟ್ಟೆ ಬಿಟ್ಟಂತೆ ಉಬ್ಬಿದ್ದರೆ, ಸಂದುಗಳು ಬಾಯಿ ಬಿಟ್ಟಿದ್ದರೆ ಕಾರಣವನ್ನು ಗೋಡೆಯಲ್ಲಿ ಹುಡುಕಬಾರದು, ಚಾವಣಿಯಲ್ಲಿ ಹುಡುಕಬೇಕು. ಸಂದಿನಲ್ಲಿ ಹಕ್ಕಿ ಉದುರಿಸಿದ ಅರಳಿ, ಆಲದ ಬೀಜ ಮೊಳೆತರೂ ಇದೇ ಗತಿ. ಎಳೆಯದರಲ್ಲೇ ಕಿತ್ತರೆ ಸರಿ. ಬೇರು ಬಲಿತ ಮೇಲೆ ಎಳೆದರೆ ಕಲ್ಲೂ ಜೊತೆಗೆ ಬರುತ್ತದೆ.

ಸಿಮೆಂಟ್ ಇನ್ನೊಂದು ಶತ್ರು. ಸಂದಿಗೆ ಸಿಮೆಂಟ್ ಮೆತ್ತಿದರೆ ಆ ಹೊತ್ತಿಗೆ ಸೋರುವುದು ನಿಲ್ಲುತ್ತದೆ. ಆದರೆ ಅದು ಬಳಪದ ಕಲ್ಲಿಗಿಂತ ಗಟ್ಟಿ, ತೇವವನ್ನು ಹೊರಗೆ ಬಿಡುವುದಿಲ್ಲ, ಅದರೊಳಗಿನ ಲವಣ ಪಕ್ಕದ ಕಲ್ಲಿಗೆ ಇಳಿಯುತ್ತದೆ. ತೇವ ಆರುವಾಗ ಲವಣ ಹರಳುಗಟ್ಟಿ ಕಲ್ಲಿನ ಮೇಲ್ಪದರವನ್ನು ಹಪ್ಪಳೆ ಹಪ್ಪಳೆಯಾಗಿ ಎಬ್ಬಿಸುತ್ತದೆ. ಸುಣ್ಣ, ಸುರ್ಕಿಯ (ಇಟ್ಟಿಗೆ ಪುಡಿಯ) ಗಾರೆ ಕಲ್ಲಿಗಿಂತ ಮೆತ್ತಗಿದ್ದು, ಕೆಡುವುದಿದ್ದರೆ ತಾನೇ ಮೊದಲು ಕೆಡುತ್ತದೆ. ಅದನ್ನು ಮತ್ತೆ ಹಾಕಬಹುದು, ಮಲ್ಲಿತಮ್ಮನ ಕೆತ್ತನೆಯನ್ನು ಹಾಕಲಾಗದು.

ಇನ್ನು ನಮ್ಮ ಕೈ. ಖನಿಜಗಳ ಗಡಸುತನ ಅಳೆಯುವ 1ರಿಂದ 10ರ ಮಾಪಕದಲ್ಲಿ ಬಳಪದ ಕಲ್ಲಿನ ಮುಖ್ಯ ಖನಿಜ ಕ್ಲೋರೈಟ್ ಇರುವುದು 2ರಿಂದ 2.5ರ ಸುಮಾರಿಗೆ. ನಮ್ಮ ಉಗುರೂ ಹೆಚ್ಚುಕಡಿಮೆ 2.5. ಬೀಗದ ಕೈ, ನಾಣ್ಯ, ಬೆಲ್ಟಿನ ಬಕಲ್ ಎಲ್ಲ ಅದಕ್ಕಿಂತ ಗಟ್ಟಿ. ಬ್ಯಾಗು ಬೆನ್ನಿಗೆ ಹಾಕಿಕೊಂಡು ಗೋಡೆಗೆ ಒರಗಿದರೆ ಅದರ ಜಿಪ್ಪೇ ಗೀರು ಹಾಕುತ್ತದೆ. ಬೆರಳಿನ ಜಿಡ್ಡು ಸೇರಿ ಮೂರ್ತಿಗಳ ಮೊಣಕಾಲು, ಆನೆಗಳ ಸೊಂಡಿಲು ಕಪ್ಪಗೆ ಮಿರುಗುವುದನ್ನು ಎಲ್ಲ ಹೊಯ್ಸಳ ಗುಡಿಗಳಲ್ಲೂ ನೋಡಬಹುದು.

ಕಟ್ಟಡ ಪೆಟ್ಟು ತಿಂದದ್ದು ಬರೀ ಮಳೆ, ಗಾಳಿಯಿಂದಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಯ ನಂತರ ಹೊಯ್ಸಳ ರಾಜ್ಯವೇ ಕುಸಿಯಿತು. ಗುಡಿ ಜೀರ್ಣವಾಗಿ, ವಿಜಯನಗರದ ಕಾಲದಲ್ಲಿ ದುರಸ್ತಿಯಾಯಿತು. ಪ್ರಾಕಾರದ ಕೈಸಾಲೆ, ಜಗತಿಯ ಕೆಲವು ಕಡೆ ಕಲ್ಲಿನ ಬಣ್ಣ, ಕೆಲಸದ ನಯ ಬೇರೆಯಾಗಿ ಕಾಣುವುದು ಅದಕ್ಕೆ. ಪ್ರಾಕಾರ ಸುಮಾರು 215 ಅಡಿ ಉದ್ದ, 177 ಅಡಿ ಅಗಲ; ಒಳಸುತ್ತಲೂ 64 ಸಣ್ಣ ಗುಡಿಕೋಣೆಗಳು, ಈಗ ಖಾಲಿ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲವಾದ್ದರಿಂದ ಇಲ್ಲಿ ನಿತ್ಯಪೂಜೆ ನಡೆಯುವುದಿಲ್ಲ. ಭಾರತೀಯ ಪುರಾತತ್ವ ಸರ್ವೇಕ್ಷಣೆ ಇದನ್ನು ನೋಡಿಕೊಳ್ಳುತ್ತಿದೆ. 2023ರ ಸೆಪ್ಟೆಂಬರ್ 18ರಂದು ಬೇಲೂರು, ಹಳೇಬೀಡಿನ ಜೊತೆ ಸೋಮನಾಥಪುರವೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಯಾವಾಗ ಹೋಗಬೇಕು, ಇನ್ನೆಲ್ಲಿ ನೋಡಬೇಕು

ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ರಾಮಾಯಣದ ಗೋಡೆಗೆ ದಿನದ ಬಹುಪಾಲು ಬಿಸಿಲು, ಮಹಾಭಾರತದ ಗೋಡೆ ನೆರಳಲ್ಲಿ. ಸೋಮನಾಥಪುರದ ಅಕ್ಷಾಂಶ 12 ಡಿಗ್ರಿ ಚಿಲ್ಲರೆ ಇರುವುದರಿಂದ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೆ ಸರಿಯುವುದು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಉತ್ತರದ ಗೋಡೆಯ ಚಿತ್ರ ತೆಗೆಯಬೇಕೆಂದವರು ಈ ತಿಂಗಳುಗಳಲ್ಲಿ ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿಗೆ ಹೋಗಬೇಕು. ನಡುಮಧ್ಯಾಹ್ನ ಸೂರಿನ ನೆರಳು ಮೂರ್ತಿಗಳ ಮುಖದ ಮೇಲೇ ಬೀಳುತ್ತದೆ. ಬೇಸಿಗೆಯಲ್ಲಿ ಹಾಸುಗಲ್ಲು ಕಾದು ಬರಿಗಾಲಲ್ಲಿ ನಿಲ್ಲಲಾಗದು, ಕಾಲುಚೀಲ ಜೊತೆಗಿರಲಿ. ಭುವನೇಶ್ವರಿ ನೋಡಲು ಸಣ್ಣ ಟಾರ್ಚ್ ಬೇಕು. ನೇರ ಕೆಳಗಿನಿಂದ ಹಾಕುವ ಬದಲು ಓರೆಯಾಗಿ ಹಾಕಿದರೆ ಕೆತ್ತನೆಯ ಆಳ ತಿಳಿಯುತ್ತದೆ.

ಸೋಮನಾಥಪುರ ನೋಡಿದ ಮೇಲೆ ಮಂಡ್ಯ ಜಿಲ್ಲೆಯ ಎರಡು ಗುಡಿಗಳನ್ನು ನೋಡಲೇಬೇಕು. ಬಸರಾಳಿನ ಮಲ್ಲಿಕಾರ್ಜುನ ಗುಡಿ 1234ರದು, ಹರಿಹರ ದಣ್ಣಾಯಕ ಕಟ್ಟಿಸಿದ್ದು. ಕೃಷ್ಣರಾಜಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಸುಮಾರು 1250ರದು. ಎರಡೂ ತ್ರಿಕೂಟಗಳೇ. ಆದರೆ ಎರಡರಲ್ಲೂ ಶಿಖರ ಇರುವುದು ನಡುವಿನ ಗರ್ಭಗುಡಿಗೆ ಮಾತ್ರ. ಪಕ್ಕದವೆರಡು ಹೊರಗಿನಿಂದ ಮಂಟಪದ ಮುಂದುವರಿಕೆಯಂತೆ ಕಾಣುತ್ತವೆ, ಒಳಗೆ ಹೋಗುವವರೆಗೆ ಗರ್ಭಗುಡಿ ಮೂರಿವೆ ಎಂದೇ ಗೊತ್ತಾಗುವುದಿಲ್ಲ. ಮೂರಕ್ಕೂ ಸಮನಾದ ನಕ್ಷತ್ರ, ಸಮನಾದ ಶಿಖರ ಕೊಡುವ ನಿರ್ಧಾರ ಸೋಮನಾಥಪುರದಲ್ಲಿ ಎಷ್ಟು ದೊಡ್ಡದಿತ್ತು ಎಂಬುದು ಹೊಸಹೊಳಲಿನ ಹಿಂಬದಿಯಲ್ಲಿ ನಿಂತು ನೋಡಿದಾಗ ಚೆನ್ನಾಗಿ ಅರ್ಥವಾಗುತ್ತದೆ.